ಪಥವೂ ಪಾಲೂ: ವಿಕಲಾಂಗ ಯಾತ್ರಿಕರ ಸೌಕರ್ಯಗಳ ಇತಿಹಾಸವನ್ನು ಕುರಿತ ಒಂದು ವಿಚಾರ

ನಮ್ಮ ದೇಶದ ಯಾತ್ರೆಗಳ ವಿಷಯವಾಗಿ ಬರೆದವರು ಬಹುಮಂದಿ ಇದ್ದಾರೆ. ತೀರ್ಥಮಾಹಾತ್ಮ್ಯಗಳನ್ನೂ, ವಿದೇಶೀಯ ಪ್ರವಾಸಿಗಳ ವೃತ್ತಾಂತಗಳನ್ನೂ, ಶಾಸನಗಳಲ್ಲಿ ಕಾಣತಕ್ಕ ಸತ್ರ ಅರವಟ್ಟಿಗೆಗಳ ದತ್ತಿಗಳನ್ನೂ ವಿದ್ವಾಂಸರು ಸಂಗ್ರಹಿಸಿ ವಿಮರ್ಶಿಸಿರುತ್ತಾರೆ. ಆದರೆ ಆ ಯಾತ್ರಿಕರಲ್ಲಿ ಕಣ್ಣಿಲ್ಲದವರು ಎಷ್ಟು ಮಂದಿ, ಕಾಲಿಲ್ಲದವರು ಎಷ್ಟು ಮಂದಿ, ಅವರು ಯಾವ ಬಗೆಯಿಂದ ಹೋದರು, ಹೋದಲ್ಲಿ ಅವರಿಗೆ ದೊರೆತದ್ದೇನು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಪ್ರವಾಸವೆಂಬುದು ಇಂದು ದೊಡ್ಡ ಉದ್ಯಮವಾಗಿ ಬೆಳೆದಿದೆ. ಅದರೊಡನೆಯೇ ವಿಕಲಾಂಗರಿಗೆ ಸುಗಮವಾದ ಪ್ರವಾಸಸೌಕರ್ಯಗಳನ್ನು ಕಲ್ಪಿಸಬೇಕೆಂಬ ಮಾತೂ ಪ್ರಬಲವಾಗುತ್ತಿದೆ. ಇದು ಪಶ್ಚಿಮದಿಂದ ನಿನ್ನೆ ಮೊನ್ನೆ ಬಂದ ಹೊಸ ವಿಚಾರವೆಂದು ಕೆಲವರೂ, ನಮ್ಮ ಪೂರ್ವಿಕರ ಧರ್ಮದಲ್ಲಿ ಇದೆಲ್ಲವೂ ಮೊದಲೇ ಇದ್ದಿತೆಂದು ಕೆಲವರೂ ಹೇಳುವುದುಂಟು. ಈ ಎರಡು ಮಾತುಗಳಲ್ಲಿ ಯಾವುದೂ ಪೂರ್ಣವಾಗಿ ನಿಜವಲ್ಲವೆಂಬುದನ್ನು ಆಧಾರಸಹಿತವಾಗಿ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ದಾರಿ ಬಿಡುವ ಧರ್ಮ

ಭಾರತದ ವನಪರ್ವದಲ್ಲಿ ಬರುವ ಅಷ್ಟಾವಕ್ರನ ಕಥೆ ಸರ್ವವಿದಿತವಾದುದು. ಎಂಟು ಕಡೆ ವಕ್ರವಾದ ದೇಹವುಳ್ಳ ಈ ಬಾಲಕನು ಸೋದರಮಾವನಾದ ಶ್ವೇತಕೇತುವಿನೊಡನೆ ಜನಕರಾಜನ ಯಜ್ಞಶಾಲೆಗೆ ಹೊರಟು, ದಾರಿಯಲ್ಲಿ ರಾಜನನ್ನೇ ಎದುರುಗೊಳ್ಳುತ್ತಾನೆ. ಅಲ್ಲಿ ನಡೆಯುವ ಮೊದಲ ವಾದವು ಬ್ರಹ್ಮವಿದ್ಯೆಯನ್ನು ಕುರಿತದ್ದಲ್ಲ, ದಾರಿಯನ್ನು ಕುರಿತದ್ದು. ಅಂಧರು, ಬಧಿರರು, ಸ್ತ್ರೀಯರು, ಹೊರೆ ಹೊತ್ತವರು ಇವರಿಗೆ ಮೊದಲು ದಾರಿ ಸಲ್ಲತಕ್ಕದ್ದು, ರಾಜನ ಸರದಿ ಆಮೇಲೆ ಬರತಕ್ಕದ್ದು, ಬ್ರಾಹ್ಮಣನು ಎದುರಾದರೆ ಆತನೇ ಮೊದಲು ಎಂಬ ಅರ್ಥದ ಮಾತನ್ನು ಅಷ್ಟಾವಕ್ರನು ಆಡುತ್ತಾನೆ. ರಾಜನು ಒಪ್ಪಿ ದಾರಿ ಬಿಡುತ್ತಾನೆ. ಇಲ್ಲಿ ಎರಡು ಅಂಶಗಳು ಗಮನಾರ್ಹ. ತನ್ನ ಅಂಗವಕ್ರತೆಯನ್ನು ಮುಂದಿಟ್ಟು ಆತನು ದಾರಿಯನ್ನು ಬೇಡಲಿಲ್ಲ, ಬ್ರಾಹ್ಮಣ್ಯವನ್ನು ಮುಂದಿಟ್ಟು ಕೇಳಿದನು. ಮುಂದೆ ಯಜ್ಞಶಾಲೆಯ ಬಾಗಿಲಲ್ಲಿ ದ್ವಾರಪಾಲನು ಅವನನ್ನು ತಡೆದದ್ದು ವಯಸ್ಸು ಸಾಲದೆಂದೇ ಹೊರತು ದೇಹವು ಸೊಟ್ಟಗಿದೆಯೆಂದಲ್ಲ.

ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿಯೂ ಇಂಥ ಒಂದು ಪಟ್ಟಿ ಉಂಟು. ವಾಹನದಲ್ಲಿರುವವನು, ತೊಂಬತ್ತು ದಾಟಿದ ವೃದ್ಧನು, ರೋಗಿ, ಹೊರೆಯಾಳು, ಸ್ತ್ರೀ, ಸ್ನಾತಕ, ರಾಜ, ಮದುವಣಿಗ ಇವರಿಗೆ ದಾರಿ ಬಿಡಬೇಕೆಂದು ಅಲ್ಲಿ ವಿಧಿಸಿದೆ. ಭಾರತದ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಅಂಧಬಧಿರರ ಹೆಸರು ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಹೀಗಿದ್ದರೂ, ಬಲಿಷ್ಠನು ದುರ್ಬಲನಿಗೆ ದಾರಿ ಬಿಡತಕ್ಕದ್ದೆಂಬ ತತ್ತ್ವವು ಪ್ರಾಚೀನ ಭಾರತದಲ್ಲಿ ಸಾಕಷ್ಟು ಪ್ರಸಿದ್ಧವಾಗಿದ್ದಿತೆಂದು ಹೇಳಲು ಅಡ್ಡಿಯಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರವು ಈ ತತ್ತ್ವವನ್ನು ಆಡಳಿತದ ಕಟ್ಟಳೆಯಾಗಿ ಮಾರ್ಪಡಿಸುತ್ತದೆ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚು ಹಾಕಿಸಿದ ಈ ಗ್ರಂಥದ ನಾವಧ್ಯಕ್ಷಪ್ರಕರಣದಲ್ಲಿ, ಬ್ರಾಹ್ಮಣರು, ಪ್ರವ್ರಜಿತರು, ಬಾಲರು, ವೃದ್ಧರು, ವ್ಯಾಧಿತರು, ರಾಜಶಾಸನವನ್ನು ಒಯ್ಯುವವರು, ಗರ್ಭಿಣಿಯರು ಇವರೆಲ್ಲರೂ ನಾವಧ್ಯಕ್ಷನ ಮುದ್ರೆಯನ್ನು ಪಡೆದು ನದಿಯನ್ನು ದಾಟಬಹುದೆಂದು ವಿಧಿಯಿದೆ. ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಇಂದು ದೊರೆಯುವ ರಿಯಾಯಿತಿ ಚೀಟಿಗೆ ಇದು ಬಹು ದೂರದ ಪೂರ್ವಜವೆನ್ನಬಹುದು. ಕುರುಡ ಕುಂಟರ ಹೆಸರು ಇಲ್ಲಿ ಪ್ರತ್ಯೇಕವಾಗಿ ಬಂದಿಲ್ಲ. ವ್ಯಾಧಿತರೆಂಬಲ್ಲಿ ಅವರನ್ನೂ ಗ್ರಹಿಸುತ್ತಿದ್ದರೇ ಎಂಬುದು ಊಹೆಗೆ ಬಿಟ್ಟ ವಿಷಯ. ಆದರೆ ಅದೇ ಗ್ರಂಥದ ವಾಕ್ಪಾರುಷ್ಯಪ್ರಕರಣದಲ್ಲಿ ಅವರು ಸ್ಪಷ್ಟವಾಗಿಯೇ ಬರುತ್ತಾರೆ. ಒಕ್ಕಣ್ಣನನ್ನೋ ಕುಂಟನನ್ನೋ ಆ ಹೆಸರಿನಿಂದ ಕರೆದು ನಿಂದಿಸಿದವನಿಗೆ, ಆ ಮಾತು ನಿಜವಾದರೆ ೩ ಪಣ, ಸುಳ್ಳಾದರೆ ೬ ಪಣ ದಂಡ. ಆಹಾ ಎಂಥ ಚೆಲುವಾದ ಕಣ್ಣೆಂದು ಹೊಗಳುವ ನೆಪದಿಂದ ಹಾಸ್ಯ ಮಾಡಿದರೆ ೧೨ ಪಣ ದಂಡ. ನೇರವಾದ ಬೈಗುಳಕ್ಕಿಂತಲೂ ವ್ಯಂಗ್ಯವಾದ ಸ್ತುತಿಯೇ ಹೆಚ್ಚಿನ ಅಪರಾಧವೆಂದು ಗಣಿಸಿದ ಆ ಶಾಸ್ತ್ರಕಾರನ ಸೂಕ್ಷ್ಮದೃಷ್ಟಿ ಮೆಚ್ಚತಕ್ಕದ್ದು.

೨. ಪೋಷಣೆಯುಂಟು, ಪಾಲಿಲ್ಲ

ಇಷ್ಟರಿಂದಲೇ ನಮ್ಮ ಪೂರ್ವಿಕರು ವಿಕಲಾಂಗರಿಗೆ ಸಮಾನಸ್ಥಾನವನ್ನು ಕೊಟ್ಟಿದ್ದರೆಂದು ಹೇಳಹೊರಟರೆ ಅದು ಆತುರದ ನಿರ್ಣಯವಾದೀತು. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (೧೦೭೬-೧೧೨೬) ಕಲ್ಯಾಣದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯು ಯಾಜ್ಞವಲ್ಕ್ಯಸ್ಮೃತಿಗೆ ವ್ಯಾಖ್ಯಾನ. ಭಾರತದ ಬಹುಭಾಗದಲ್ಲಿ ದಾಯಭಾಗದ ವಿಷಯಕ್ಕೆ ಅದೇ ಪ್ರಮಾಣವಾಗಿ ನಿಂತಿತು. ಪಂಗು, ಉನ್ಮತ್ತ, ಜಡ, ಅಂಧ, ಅಚಿಕಿತ್ಸ್ಯರೋಗಿ ಮೊದಲಾದವರು ಪೋಷಣೆಗೆ ಅರ್ಹರು, ಆದರೆ ಪಿತ್ರಾರ್ಜಿತದಲ್ಲಿ ಪಾಲಿಗೆ ಅರ್ಹರಲ್ಲ ಎಂಬುದು ಅಲ್ಲಿ ವ್ಯಾಖ್ಯಾತವಾದ ನಿಯಮ. ಅವರು ‘ಭರ್ತವ್ಯರು’, ಆದರೆ ‘ನಿರಂಶಕರು’. ವಿಜ್ಞಾನೇಶ್ವರನು ಈ ನಿಯಮದ ಕಾಠಿನ್ಯವನ್ನು ಒಂದಿಷ್ಟು ತಗ್ಗಿಸಿರುವುದೂ ಉಂಟು: ವಿಭಾಗವಾದ ಮೇಲೆ ಬಂದ ಅಂಗದೋಷವು ಪಾಲನ್ನು ಕಳೆಯುವುದಿಲ್ಲ, ಔಷಧೋಪಚಾರದಿಂದ ದೋಷವು ಪರಿಹಾರವಾದರೆ ಪಾಲು ಮತ್ತೆ ದೊರೆಯುತ್ತದೆ, ದೋಷವಿಲ್ಲದ ಮಕ್ಕಳಿಗೆ ಪಾಲು ತಪ್ಪುವುದಿಲ್ಲ. ಹೀಗಿದ್ದರೂ ಮೂಲತತ್ತ್ವವು ಬದಲಾಗಲಿಲ್ಲ. ೧೯೨೮ರ ಶಾಸನವು ಇದನ್ನು ಬಹುಮಟ್ಟಿಗೆ ಸಡಿಲಿಸಿತು. ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಅಂಗದೋಷದ ಕಾರಣದಿಂದ ಯಾರ ಪಾಲೂ ತಪ್ಪಕೂಡದೆಂದು ವಿಧಿಸಿತು.

ದಾಯಭಾಗದ ಈ ಚರ್ಚೆಗೂ ಯಾತ್ರೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ನಿಕಟವಾದುದೆಂದು ನನ್ನ ಅಭಿಪ್ರಾಯ. ಅನ್ನವನ್ನು ಕೊಡುವುದು ಬೇರೆ, ಪಾಲನ್ನು ಕೊಡುವುದು ಬೇರೆ. ಅನ್ನವು ಕೊಡುವವನ ಪುಣ್ಯ. ಪಾಲು ಪಡೆಯುವವನ ಸ್ವತ್ತು. ದಾರಿ, ದೇವಾಲಯ, ಕೋಟೆ, ಕೆರೆಯ ಏರಿ, ಇವು ಸಮಾಜದ ಪಿತ್ರಾರ್ಜಿತಗಳು. ಇವುಗಳಲ್ಲಿ ವಿಕಲಾಂಗನು ಭರ್ತವ್ಯನೋ ಅಂಶಭಾಗಿಯೋ ಎಂಬ ಒಂದೇ ಪ್ರಶ್ನೆಯ ಸುತ್ತಲೂ ಈ ಸೌಕರ್ಯಗಳ ಇತಿಹಾಸವೆಲ್ಲವೂ ತಿರುಗುತ್ತದೆ.

೩. ಬಳ್ಳಿಗಾವೆಯ ಕೋಡಿಯಮಠ

ಕರ್ಣಾಟಕದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಅತ್ಯುತ್ತಮವಾದ ಆಧಾರವು ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನ. ರೈಸರು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದ್ದಾರೆ. ಕಳಚುರಿ ಬಿಜ್ಜಳನ ಕಾಲದ ಈ ಶಾಸನವು ದಕ್ಷಿಣಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕಾಳಾಮುಖಮಠವನ್ನು ವರ್ಣಿಸುತ್ತದೆ. ಆಗ ವಾಮಶಕ್ತಿ ಪಂಡಿತನು ಅದರ ಆಚಾರ್ಯನಾಗಿದ್ದನು. ವೇದ, ವ್ಯಾಕರಣ, ದರ್ಶನ, ಪುರಾಣ ಮೊದಲಾದವುಗಳ ಪಾಠಸ್ಥಾನವೆಂದು ಅದನ್ನು ಹೊಗಳಿದ ತರುವಾಯ, ದೀನರಿಗೂ ಅನಾಥರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ, ಅವರ ಜೊತೆಗೆ ಕಥಕರು ಗಾಯಕರು ವಾದಕರು ನರ್ತಕರಿಗೂ, ನಾನಾ ಪಂಥಗಳ ಸನ್ಯಾಸಿಗಳಿಗೂ ನಾನಾ ದೇಶಗಳಿಂದ ಬಂದ ಭಿಕ್ಷುಕರಿಗೂ ಅಲ್ಲಿ ಅನ್ನದಾನ ನಡೆಯುತ್ತಿದ್ದಿತೆಂದೂ, ಅನಾಥರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿದ್ದಿತೆಂದೂ, ಅದು ಸಕಲಪ್ರಾಣಿಗಳಿಗೂ ಅಭಯಸ್ಥಾನವಾಗಿದ್ದಿತೆಂದೂ ಶಾಸನವು ಹೇಳುತ್ತದೆ.

ಈ ಪಟ್ಟಿಯ ಕ್ರಮವನ್ನು ಸ್ವಲ್ಪ ಪರಿಶೀಲಿಸೋಣ. ಕುಂಟರೂ ಕುರುಡರೂ ಕಿವುಡರೂ ಅನ್ನ ಪಡೆಯುವವರ ಸಾಲಿನಲ್ಲಿದ್ದಾರೆ. ಚಿಕಿತ್ಸೆಯ ಮಾತು ಬರುವುದು ಬೇರೆ ಕಡೆ, ಬೇರೆ ಜನರ ವಿಷಯದಲ್ಲಿ. ಅಂಗವೈಕಲ್ಯವನ್ನೂ ರೋಗವನ್ನೂ ಒಂದೇ ಎಂದು ಶಾಸನಕಾರನು ಎಣಿಸಲಿಲ್ಲವೆಂದು ಇದರಿಂದ ತೋರುತ್ತದೆ. ಮೇಲಾಗಿ ಆ ಸಾಲಿನಲ್ಲಿ ಅವರ ನೆರೆಯವರು ಯಾರು? ಊರೂರು ತಿರುಗುವ ಕಥಕರು, ಗಾಯಕರು, ಪರದೇಶದ ಭಿಕ್ಷುಕರು. ವಿಕಲಾಂಗರನ್ನು ಊರಿನ ಬಡವರೆಂದು ಮಾತ್ರವೇ ಎಣಿಸದೆ ಸಂಚಾರಿಗಳ ಜೊತೆಯಲ್ಲಿ ಹೇಳಿರುವುದರಿಂದ, ಅವರಲ್ಲಿಯೂ ಕೆಲವರು ದೂರದಿಂದ ಬಂದವರಾಗಿರಬಹುದೆಂದು ಊಹಿಸಲು ಅವಕಾಶವುಂಟು. ಐದನೆಯ ಶತಮಾನದ ಆದಿಯಲ್ಲಿ ಚೀನೀಯ ಯಾತ್ರಿಕನಾದ ಫಾಹಿಯಾನನು ಪಾಟಲಿಪುತ್ರದ ಧರ್ಮಶಾಲೆಗಳನ್ನು ವರ್ಣಿಸುವಾಗಲೂ ಅಂಗಹೀನರನ್ನು ಹೆಸರಿಸಿ, ಅವರಿಗೆ ಅನ್ನವೂ ಔಷಧವೂ ದೊರೆಯುತ್ತಿದ್ದುವೆಂದೂ, ಗುಣವಾದವರು ತಾವಾಗಿಯೇ ಹೊರಟುಹೋಗುತ್ತಿದ್ದರೆಂದೂ ಬರೆದಿರುವುದನ್ನು ಇದರೊಡನೆ ಹೋಲಿಸಬಹುದು.

ಪ್ರಶಸ್ತಿಯು ಪ್ರಶಸ್ತಿಯೇ, ಅದನ್ನು ಲೆಕ್ಕದ ಪುಸ್ತಕವೆಂದು ಭಾವಿಸಲಾಗದು. ಆದರೆ ಕುರುಡರಿಗೂ ಕುಂಟರಿಗೂ ಉಣಬಡಿಸುವುದು ಹೊಗಳಿಕೆಗೆ ಯೋಗ್ಯವಾದ ಕಾರ್ಯವೆಂದು ಆ ಕಾಲದವರು ನಂಬಿದ್ದರೆಂಬುದಂತೂ ನಿಶ್ಚಯ. ಮಿತಾಕ್ಷರೆಗೂ ಈ ಶಾಸನಕ್ಕೂ ನಡುವೆ ಇರುವ ಅಂತರವು ಸುಮಾರು ಅರ್ಧ ಶತಮಾನ ಮಾತ್ರ. ಎರಡೂ ಒಂದೇ ಸಮಾಜದ ಎರಡು ಮುಖಗಳು: ಮಠದ ಬಾಗಿಲಲ್ಲಿ ಅನ್ನ, ಮನೆಯ ಜಗಲಿಯಲ್ಲಿ ನಿರಂಶಕತ್ವ.

೪. ತೀರ್ಥವು ಸಮೀಪಕ್ಕೆ ಬಂದುದು

ಹೋಗಲಾರದವರಿಗೆ ತೀರ್ಥವನ್ನೇ ಹತ್ತಿರಕ್ಕೆ ತರುವುದು ನಮ್ಮಲ್ಲಿ ಕಂಡುಬರುವ ಮತ್ತೊಂದು ಉಪಾಯ. ಬಳ್ಳಿಗಾವೆಯ ದೇವರಿಗೆ ದಕ್ಷಿಣಕೇದಾರವೆಂಬ ಹೆಸರೇ ಹಿಮಾಲಯದ ಕೇದಾರವನ್ನು ನೆನಪಿಗೆ ತರುತ್ತದೆ. ದಕ್ಷಿಣಕಾಶಿಗಳೆಂದು ಹೆಸರಾದ ಕ್ಷೇತ್ರಗಳು ನಾಡಿನಲ್ಲಿ ಹಲವಾರಿವೆ. ಶ್ರವಣಬೆಳಗೊಳದ ಐತಿಹ್ಯವೂ ಇದೇ ಜಾತಿಯದು. ಪೌದನಪುರದ ಬಾಹುಬಲಿಯ ದರ್ಶನಕ್ಕೆ ಚಾವುಂಡರಾಯನ ತಾಯಿಯಾದ ಕಾಳಲಾದೇವಿಯು ಆಸೆಪಟ್ಟಳು. ಆ ಸ್ಥಳವು ಅಗಮ್ಯವೆಂದು ತಿಳಿದ ಮೇಲೆ ಚಾವುಂಡರಾಯನು ಬೆಳಗೊಳದಲ್ಲಿಯೇ ಗೊಮ್ಮಟನನ್ನು ಕಡೆಯಿಸಿದನು ಎಂಬುದು ಅದರ ಸಾರಾಂಶ. ಹತ್ತನೆಯ ಶತಮಾನದ ಉತ್ತರಾರ್ಧದ ಈ ವಿಗ್ರಹವು, ಐತಿಹ್ಯವನ್ನು ನಂಬುವುದಾದರೆ, ಯಾತ್ರೆ ಮಾಡಲಾರದ ಒಬ್ಬ ವೃದ್ಧಮಾತೆಯ ಸಲುವಾಗಿ ನಿಂತದ್ದು. ಆದರೆ ಅದು ನಿಂತಿರುವುದು ದೊಡ್ಡಬೆಟ್ಟದ ನೆತ್ತಿಯ ಮೇಲೆ. ಐದುನೂರಕ್ಕೆ ಮೇಲ್ಪಟ್ಟು ಮೆಟ್ಟಿಲುಗಳನ್ನು ಹತ್ತಿದಲ್ಲದೆ ಸುಮಾರು ೫೮ ಅಡಿಯ ಆ ಮೂರ್ತಿಯ ಪಾದವು ದೊರೆಯದು.

ಹತ್ತಲಾರದವರಿಗೆ ಅಲ್ಲಿ ಡೋಲಿಯುಂಟು. ಬೆಟ್ಟದ ಮೇಲಣ ಕ್ಷೇತ್ರಗಳಲ್ಲಿ ಡೋಲಿಯೇ ವಿಕಲಾಂಗರಿಗೂ ವೃದ್ಧರಿಗೂ ಬಹುಕಾಲದಿಂದ ನಡೆದುಬಂದ ಸೇವೆ. ಇದನ್ನು ಹಗುರವಾಗಿ ಕಾಣಲಾಗದು. ಅದಿಲ್ಲದಿದ್ದರೆ ಅದೆಷ್ಟೋ ಮಂದಿಗೆ ದರ್ಶನವೇ ಇರುತ್ತಿರಲಿಲ್ಲ. ಆದರೂ ಅದರ ಮಿತಿಯನ್ನು ಹೇಳದಿರುವುದು ಸರಿಯಲ್ಲ. ಡೋಲಿಯಲ್ಲಿ ಕುಳಿತವನು ತಾನು ಬಯಸಿದಲ್ಲಿ ನಿಲ್ಲಲಾರ, ಬಯಸಿದಷ್ಟು ಹೊತ್ತು ನೋಡಲಾರ. ಹೊರುವವರ ಹೆಗಲು ದಣಿದಾಗ ನಿಲ್ಲುತ್ತಾನೆ, ಅವರು ಎದ್ದಾಗ ಏಳುತ್ತಾನೆ. ಹೊರುವವರ ಬಾಳು ಇದಕ್ಕಿಂತಲೂ ಕಷ್ಟ. ಒಬ್ಬನ ಕಾಲಿನ ಕೊರತೆಯನ್ನು ಇನ್ನೊಬ್ಬನ ಬೆನ್ನಿನಿಂದ ತುಂಬುವ ಈ ಏರ್ಪಾಡು, ಕೂಲಿ ಅಗ್ಗವಾಗಿರುವ ತನಕ ಮಾತ್ರ ನಿಲ್ಲತಕ್ಕದ್ದು.

ಇಲ್ಲಿ ಹೆಳವರ ವಿಷಯವನ್ನೂ ಸೂಚಿಸುವುದು ಅಪ್ರಕೃತವಾಗಲಾರದು. ಹೆಳವನೆಂದರೆ ಕಾಲಿಲ್ಲದವನು, ಕುಂಟ. ಆ ಹೆಸರಿನ ಒಂದು ಸಂಚಾರಿ ಜನಾಂಗವು ಕನ್ನಡನಾಡಿನ ಹಳ್ಳಿಗಳಲ್ಲಿ ಮನೆತನಗಳ ವಂಶಾವಳಿಯನ್ನು ಹೇಳಿ ಸಂಭಾವನೆ ಪಡೆಯುವ ವೃತ್ತಿಯನ್ನು ನಡೆಸಿಕೊಂಡು ಬಂದಿದೆ. ಅವರು ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಊರಿಗೆ ಬರುತ್ತಿದ್ದರೆಂದು ಥರ್ಸ್ಟನ್ನರು ೧೯೦೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬರೆದಿದ್ದಾರೆ. ನಡೆಯಬಲ್ಲವರೇ ನಡೆಯಲಾರದವರ ವೇಷದಲ್ಲಿ ಬರುವ ಈ ಪದ್ಧತಿಯ ಮೂಲವೇನಿದ್ದರೂ, ಕುಂಟನಾದವನು ಎತ್ತನ್ನೇರಿ ನಾಡನ್ನೆಲ್ಲಾ ಸುತ್ತಬಹುದು, ಸುತ್ತಿ ಊರಿನ ನೆನಪನ್ನೇ ಕಾಯಬಹುದು ಎಂಬ ಭಾವನೆಯೊಂದು ನಮ್ಮ ಜನಪದದಲ್ಲಿ ಉಳಿದುಬಂದಿದೆ. ಇಲ್ಲಿ ಹೆಳವನು ಅನ್ನಕ್ಕಾಗಿ ಮಾತ್ರ ಬಂದವನಲ್ಲ; ಆತನ ಬಾಯಲ್ಲಿ ಆ ಮನೆಯ ಪಾಲಿನ ಲೆಕ್ಕವೇ ಇದೆ.

೫. ಪಶ್ಚಿಮದಲ್ಲಿ ಗಾಲಿಕುರ್ಚಿಯೂ ಕುರುಡ ಪ್ರವಾಸಿಯೂ

ಪಶ್ಚಿಮದಲ್ಲಿ ಈ ಇತಿಹಾಸವು ಯಂತ್ರದ ದಾರಿಯನ್ನು ಹಿಡಿಯಿತು. ನ್ಯೂರೆಂಬರ್ಗ್ ನಗರದ ಸ್ಟೆಫಾನ್ ಫಾರ್ಫ್ಲರ್ ಎಂಬ ಗಡಿಯಾರದ ಕೆಲಸಗಾರನು ೧೬೫೫ರಲ್ಲಿ, ಸ್ವತಃ ನಡೆಯಲಾರದವನಾಗಿ, ಕೈಯಿಂದ ತಿರುಗಿಸಿಕೊಂಡು ಚಲಿಸುವ ಮೂರು ಗಾಲಿಯ ಬಂಡಿಯೊಂದನ್ನು ತನಗಾಗಿ ನಿರ್ಮಿಸಿಕೊಂಡನು. ಹದಿನೆಂಟನೆಯ ಶತಮಾನದ ನಡುವೆ ಇಂಗ್ಲೆಂಡಿನ ಬಾತ್ ನಗರದ ಬಿಸಿನೀರ ಬುಗ್ಗೆಗಳಿಗೆ ಬರುವ ರೋಗಿಗಳಿಗಾಗಿ ಆಳು ಎಳೆಯುವ ಗಾಲಿಕುರ್ಚಿಗಳು ಹುಟ್ಟಿದುವು. ಆ ಊರಿನ ಹೆಸರೇ ಅವುಗಳಿಗೆ ನಿಂತಿತು. ಬಾಡಿಗೆ ಕೊಟ್ಟು ಪಡೆಯುವ ವಿಕಲಾಂಗಸೇವೆಗೆ ಪ್ರವಾಸಸ್ಥಾನವೊಂದರಲ್ಲಿ ದೊರೆಯುವ ಪ್ರಸಿದ್ಧವಾದ ಆದಿನಿದರ್ಶನವಿದು. ೧೯೩೩ರ ಸುಮಾರಿಗೆ ಅಮೆರಿಕೆಯಲ್ಲಿ, ಗಣಿಯ ಅಪಘಾತದಲ್ಲಿ ನಡಿಗೆಯನ್ನು ಕಳೆದುಕೊಂಡಿದ್ದ ಹರ್ಬರ್ಟ್ ಎವರೆಸ್ಟ್ ಎಂಬ ಇಂಜಿನಿಯರನೂ ಅವನ ಮಿತ್ರನಾದ ಹ್ಯಾರಿ ಜೆನ್ನಿಂಗ್ಸನೂ ಸೇರಿ ಮಡಿಚಿ ಮೋಟಾರಿನಲ್ಲಿ ಇಡಬಹುದಾದ ಉಕ್ಕಿನ ಗಾಲಿಕುರ್ಚಿಯನ್ನು ನಿರ್ಮಿಸಿದರು. ಬಾತಿನ ಕುರ್ಚಿಯು ಒಂದು ಊರಿನೊಳಗೆ ತಿರುಗುತ್ತಿದ್ದಿತು. ಮಡಿಚುವ ಕುರ್ಚಿಯು ಊರಿಂದ ಊರಿಗೆ ಹೋಯಿತು.

ಯಂತ್ರವಿಲ್ಲದೆಯೇ ಲೋಕವನ್ನು ಸುತ್ತಿದವನು ಜೇಮ್ಸ್ ಹೋಲ್ಮನ್ (೧೭೮೬-೧೮೫೭). ನೌಕಾಪಡೆಯ ಅಧಿಕಾರಿಯಾಗಿದ್ದ ಇವನು ಇಪ್ಪತ್ತೈದನೆಯ ವಯಸ್ಸಿನಲ್ಲಿ ಎರಡು ಕಣ್ಣುಗಳನ್ನೂ ಕಳೆದುಕೊಂಡನು. ತರುವಾಯ ಯೂರೋಪನ್ನು ಸಂಚರಿಸಿದನು. ಸೈಬೀರಿಯದವರೆಗೆ ಹೋದಾಗ ಗೂಢಚಾರನೆಂಬ ಸಂಶಯದಿಂದ ರಷ್ಯದ ಚಕ್ರವರ್ತಿಯ ಆಜ್ಞೆಯಂತೆ ಗಡಿಯಾಚೆಗೆ ಕಳುಹಿಸಲ್ಪಟ್ಟನು. ೧೮೨೭ರಿಂದ ೧೮೩೨ರ ವರೆಗೆ ಆಫ್ರಿಕ, ಸಿಂಹಳ, ಭಾರತ, ಚೀನ, ಆಸ್ಟ್ರೇಲಿಯಗಳನ್ನು ಕಂಡು ಭೂಪ್ರದಕ್ಷಿಣೆ ಮಾಡಿ, ನಾಲ್ಕು ಸಂಪುಟಗಳ ಪ್ರವಾಸಗ್ರಂಥವನ್ನು ಬರೆದನು. ಕೋಲಿನ ತುದಿಯ ಸದ್ದಿನ ಮಾರ್ದನಿಯಿಂದ ಎದುರಿಗಿರುವ ವಸ್ತುವನ್ನು ಗ್ರಹಿಸುತ್ತಿದ್ದನು. ಡಾರ್ವಿನನು ತನ್ನ ಪ್ರವಾಸಗ್ರಂಥದಲ್ಲಿ ಇವನನ್ನು ಆಧಾರವಾಗಿ ಉಲ್ಲೇಖಿಸಿದ್ದಾನೆ. ಹೋಲ್ಮನನನ್ನು ‘ಕಂಡು’ ಎಂದು ಬರೆದುದು ಲೇಖನದೋಷವಲ್ಲ. ಪ್ರವಾಸವು ಕಣ್ಣೊಂದರ ವ್ಯಾಪಾರವಲ್ಲವೆಂಬುದಕ್ಕೆ ಅವನ ಬಾಳೇ ಪ್ರಮಾಣ. ಆದರೆ ಅಸಾಧಾರಣನೊಬ್ಬನ ಧೈರ್ಯವನ್ನು ತೋರಿಸಿ, ಸಾಧಾರಣರಿಗೆ ಸೌಕರ್ಯವೇ ಬೇಡವೆಂದು ವಾದಿಸುವುದು ಮಾತ್ರ ನ್ಯಾಯವಲ್ಲ.

೬. ದಾನದಿಂದ ವಿಧಿಗೆ

ಪಾಲಿನ ಪ್ರಶ್ನೆಯು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದುದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಅಮೆರಿಕೆಯಲ್ಲಿ ೧೯೮೬ರ ಶಾಸನವು ವಿಮಾನಯಾನದಲ್ಲಿಯೂ, ೧೯೯೦ರ ಶಾಸನವು ಸಾರ್ವಜನಿಕ ಸ್ಥಳಗಳಲ್ಲಿಯೂ ವಿಕಲಾಂಗರ ವಿಷಯದ ತಾರತಮ್ಯವನ್ನು ನಿಷೇಧಿಸಿದುವು. ಭಾರತದಲ್ಲಿ ೧೯೯೫ರ ಅಧಿನಿಯಮವು ಸಾರಿಗೆ, ರಸ್ತೆ, ಕಟ್ಟಡಗಳಲ್ಲಿ ಸೌಕರ್ಯಗಳನ್ನು ಕಲ್ಪಿಸಬೇಕೆಂದಿತು. ಆದರೆ ಅದು ಸರ್ಕಾರದ ಆರ್ಥಿಕ ಶಕ್ತಿಯ ಮಿತಿಗೆ ಒಳಪಟ್ಟಿದ್ದಿತು. ಗಾಲಿಕುರ್ಚಿಯನ್ನು ಬಳಸುತ್ತಿದ್ದ ಜಾವೇದ್ ಅಬಿದಿಯವರು ೧೯೯೭ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಮೊರೆಹೋದರು. ೧೯೯೮ರ ಡಿಸೆಂಬರಿನಲ್ಲಿ ಬಂದ ತೀರ್ಪಿನಿಂದ, ಅಂಧರಿಗೆ ಇಂಡಿಯನ್ ಏರ್‌ಲೈನ್ಸಿನಲ್ಲಿ ದೊರೆಯುತ್ತಿದ್ದ ಪ್ರಯಾಣದರದ ರಿಯಾಯಿತಿಯು ಶೇಕಡ ೮೦ಕ್ಕೆ ಕಡಮೆಯಿಲ್ಲದ ಚಲನವೈಕಲ್ಯವುಳ್ಳವರಿಗೂ ವಿಸ್ತರಿಸಿತು. ೨೦೦೧ರ ಜನವರಿಯಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗರು ದೆಹಲಿಗೆ ಬಂದಾಗ ಕುತುಬ್ ಮಿನಾರ್ ಮೊದಲಾದ ಸ್ಮಾರಕಗಳಲ್ಲಿ ತಾತ್ಕಾಲಿಕವಾಗಿ ಮರದ ಇಳಿಜಾರುಗಳನ್ನು ಹಾಕಲಾಯಿತು. ಲೋಕಪ್ರಸಿದ್ಧನಾದ ಒಬ್ಬ ಅತಿಥಿಗಾಗಿ ಕೆಲವು ದಿನಗಳಲ್ಲಿ ಆಗಬಹುದಾದುದು ನಾಡಿನ ಜನಕ್ಕೆ ಇಷ್ಟು ವರ್ಷ ಏಕೆ ಆಗಲಿಲ್ಲವೆಂಬ ಪ್ರಶ್ನೆಯನ್ನು ಆ ಇಳಿಜಾರುಗಳೇ ಎತ್ತಿದುವು.

೨೦೦೬ರ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು ೨೦೦೭ರಲ್ಲಿ ಅಂಗೀಕರಿಸಿತು. ಅದರ ಮೂವತ್ತನೆಯ ಅನುಚ್ಛೇದವು ಸ್ಮಾರಕಗಳನ್ನೂ ಪ್ರವಾಸಸೇವೆಗಳನ್ನೂ ಹೆಸರಿಸಿಯೇ ಹೇಳುತ್ತದೆ. ೨೦೧೬ರಲ್ಲಿ ಎರಡು ಘಟನೆಗಳು ನಡೆದುವು. ೨೦೧೨ರಲ್ಲಿ ತಮ್ಮ ಅಂಗಸ್ಥಿತಿಯ ಕಾರಣದಿಂದಲೇ ವಿಮಾನದಿಂದ ಇಳಿಸಲ್ಪಟ್ಟಿದ್ದ ಜೀಜಾ ಘೋಷರಿಗೆ ೧೦ ಲಕ್ಷ ರೂಪಾಯಿಗಳ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು ಕೊಡಿಸಿತು. ಅದೇ ವರ್ಷದ ಕೊನೆಗೆ ವಿಕಲಾಂಗರ ಹಕ್ಕುಗಳ ಹೊಸ ಅಧಿನಿಯಮವು ಅಂಗೀಕೃತವಾಯಿತು. ಅಂಧರಾದ ರಾಜೀವ್ ರತೂರಿಯವರ ಮೊಕದ್ದಮೆಯಲ್ಲಿ ೨೦೧೭ರಲ್ಲಿ ಬಂದ ತೀರ್ಪು ಕಟ್ಟಡಗಳಿಗೂ ಸಾರಿಗೆಗೂ ಕಾಲಮಿತಿಯನ್ನು ಗೊತ್ತುಮಾಡಿತು. ಅದೇ ಮೊಕದ್ದಮೆಯಲ್ಲಿ ೨೦೨೪ರ ನವೆಂಬರ್ ೮ರಂದು ಬಂದ ತೀರ್ಪು ನಮ್ಮ ಪ್ರಕೃತ ವಿಚಾರಕ್ಕೆ ಅತ್ಯಂತ ಮುಖ್ಯವಾದುದು. ಅಧಿನಿಯಮವು ಕಡ್ಡಾಯವೆಂದು ಹೇಳಿದ ಸೌಕರ್ಯಗಳನ್ನು ಅದರ ಕೆಳಗಿನ ಹದಿನೈದನೆಯ ನಿಯಮವು ಕೇವಲ ಶಿಫಾರಸಿನ ಮಟ್ಟಕ್ಕೆ ಇಳಿಸಿದೆಯೆಂದು ಹೇಳಿ, ಆ ನಿಯಮವನ್ನು ನ್ಯಾಯಾಲಯವು ಅಸಿಂಧುವೆಂದು ಸಾರಿತು.

ಶಿಫಾರಸಿಗೂ ಕಡ್ಡಾಯಕ್ಕೂ ಇರುವ ಭೇದವು ಭರ್ತವ್ಯನಿಗೂ ಅಂಶಭಾಗಿಗೂ ಇರುವ ಭೇದವೇ. ಕಲ್ಯಾಣದಲ್ಲಿ ವ್ಯಾಖ್ಯಾತವಾದ ಪ್ರಶ್ನೆಗೆ, ದಾರಿ ಕಟ್ಟಡಗಳ ಮಟ್ಟಿಗೆ, ಉತ್ತರವು ದೊರೆಯಲು ಒಂಬತ್ತು ಶತಮಾನಗಳು ಬೇಕಾದುವು.

೭. ಕಲ್ಲಿನ ಮುಂದೆ

೨೦೧೧ರ ಜನಗಣತಿಯಂತೆ ಭಾರತದಲ್ಲಿ ೨.೬೮ ಕೋಟಿ, ಕರ್ಣಾಟಕದಲ್ಲಿ ೧೩.೨೪ ಲಕ್ಷ ವಿಕಲಾಂಗರಿದ್ದರು. ಇವರಿಗೆ ನಮ್ಮ ಪ್ರಾಚೀನ ಸ್ಮಾರಕಗಳಲ್ಲಿ ಪಾಲು ಹೇಗೆ ದೊರೆಯಬೇಕು? ಬೇಲೂರಿನ ೧೧೧೭ರ ದೇವಾಲಯವಾಗಲಿ ಹಳೆಯಬೀಡಿನದಾಗಲಿ ಎತ್ತರವಾದ ಜಗತಿಯ ಮೇಲೆ ನಿಂತಿದೆ. ಪ್ರದಕ್ಷಿಣೆಯೂ ಶಿಲ್ಪದರ್ಶನವೂ ಆ ಜಗತಿಯ ಮೇಲೆಯೇ. ಮೆಟ್ಟಿಲನ್ನು ಹತ್ತಲಾರದವನು ಕೆಳಗಿನಿಂದ ಗೋಡೆಯನ್ನು ಕಾಣಬಹುದೇ ಹೊರತು ಮದನಿಕೆಯ ಬೆರಳನ್ನು ಕಾಣಲಾರ. ಹಂಪೆಯಲ್ಲಿ ವಿಠ್ಠಲ ದೇವಾಲಯದವರೆಗೆ ಬ್ಯಾಟರಿಯ ವಾಹನಗಳು ಒಯ್ಯುತ್ತವೆ. ಒಳಗೆ ಮಂಟಪದ ಮೆಟ್ಟಿಲುಗಳು ಮತ್ತೆ ಎದುರಾಗುತ್ತವೆ.

ಸ್ಮಾರಕದ ರಕ್ಷಣೆಗೂ ಇದಕ್ಕೂ ವಿರೋಧವಿದೆಯೆಂದು ಕೆಲವು ಪಂಡಿತರು ಆಕ್ಷೇಪಿಸುತ್ತಾರೆ. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ: ಹೊಯ್ಸಳರ ಬಳಪದ ಕಲ್ಲಿಗೆ ಮೊಳೆ ಹೊಡೆದು ಇಳಿಜಾರನ್ನು ಕಟ್ಟುವುದು ಅಪರಾಧವೇ ಸರಿ. ಆದರೆ ಕಲ್ಲಿಗೆ ತಾಗದಂತೆ ಇಟ್ಟು, ಬೇಕಾದಾಗ ತೆಗೆಯಬಹುದಾದ ಮರದ ಅಥವಾ ಉಕ್ಕಿನ ಇಳಿಜಾರುಗಳು ಸಾಧ್ಯವೆಂಬುದನ್ನು ದೆಹಲಿಯ ನಿದರ್ಶನವೇ ತೋರಿಸಿದೆ. ಅಂಧರ ವಿಷಯದಲ್ಲಿ ತೊಡಕು ಬೇರೆಯದು. ಅವರಿಗೆ ಸ್ಪರ್ಶವೇ ದೃಷ್ಟಿ. ಶಿಲ್ಪಕ್ಕಾದರೋ ಸ್ಪರ್ಶವೇ ಸವೆತ. ಮೂಲಶಿಲ್ಪದ ನಿಖರವಾದ ಪ್ರತಿಕೃತಿಯನ್ನು ಬದಿಯಲ್ಲಿಟ್ಟು, ಅದನ್ನು ಕೈಯಿಂದ ತಡವಿ ತಿಳಿಯುವಂತೆ ಮಾಡಿ, ಬ್ರೈಲ್ ಲಿಪಿಯಲ್ಲಿ ಕನ್ನಡದ ವಿವರಣೆಯನ್ನು ಒದಗಿಸಿದರೆ ಎರಡೂ ಉಳಿಯುತ್ತವೆ. ಹೀಗೆ ವಿವರಣೆಯನ್ನು ಬರೆಯುವಾಗ ಶಾಸನಜ್ಞರೂ ಸಾಹಿತ್ಯದ ಉಪಾಧ್ಯಾಯರೂ ಕೈಗೂಡಿಸಬೇಕಾದುದು ಅವಶ್ಯ. ಶಿಲ್ಪವನ್ನು ಮಾತಿನಿಂದ ಕಟ್ಟಿ ತೋರಿಸುವ ವರ್ಣನಾಶಕ್ತಿಯು ನಮ್ಮ ಚಂಪೂಕವಿಗಳಿಂದ ನಮಗೆ ಬಂದ ಪಿತ್ರಾರ್ಜಿತವಲ್ಲವೇ?

ಮೇಲ್ಕಂಡ ವಿಚಾರದಿಂದ ಹೊರಡುವ ನಿರ್ಣಯವು ಇಷ್ಟು. ಬಲಿಷ್ಠನು ದಾರಿ ಬಿಡಬೇಕೆಂಬ ತತ್ತ್ವವು ನಮ್ಮ ಪ್ರಾಚೀನರಲ್ಲಿದ್ದಿತು. ದೋಣಿಯಲ್ಲಿ ರಿಯಾಯಿತಿ, ಮಠದಲ್ಲಿ ಅನ್ನ, ಬೆಟ್ಟದಲ್ಲಿ ಡೋಲಿ ಇದ್ದುವ. ಇವುಗಳಿಗೆ ನಾವು ಹೆಮ್ಮೆಪಡುವುದು ಯುಕ್ತ. ಇಲ್ಲದಿದ್ದುದು ಪಾಲು. ಅದನ್ನು ಈ ಕಾಲದ ವಿಧಿಗಳು ಕೊಟ್ಟಿವೆ; ಕಲ್ಲಿನ ಮೇಲೆ ಅದು ಇನ್ನೂ ಬರೆಯಲ್ಪಡಬೇಕಾಗಿದೆ. ಅಷ್ಟಾವಕ್ರನು ತನ್ನ ಕುಲವನ್ನು ಹೇಳಿ ದಾರಿಯನ್ನು ಪಡೆದನು. ಕುಲವನ್ನಾಗಲಿ ಕೀರ್ತಿಯನ್ನಾಗಲಿ ಹೇಳಬೇಕಾಗಿಲ್ಲದೆ, ಬಂದ ಯಾತ್ರಿಕನಿಗೆ ಯಾತ್ರಿಕನೆಂಬ ಕಾರಣದಿಂದಲೇ ದಾರಿ ದೊರೆತ ದಿನ ಬಳ್ಳಿಗಾವೆಯ ಶಾಸನದ ಅಭಯಸ್ಥಾನವೆಂಬ ಮಾತು ಸಾರ್ಥಕವಾಗುವುದು.